ಎರಡನೇ ಗೀರು

ನಮ್ಮ ಮಾವ ಗಾಜಿನ ಮೇಲೆ ಎರಡನೇ ಗೀರು ಎಳೆದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಗಾಜಿನ ಕೆಲಸ ಗೊತ್ತಿಲ್ಲದವರಿಗೆ ಇದರಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಗಾಜನ್ನು ಯಾರೂ ಬಟ್ಟೆಯ ಹಾಗೆ ಕತ್ತರಿಸುವುದಿಲ್ಲ. ಕಂಬಳಿ ಹಾಸಿದ ಮೇಜಿನ ಮೇಲೆ ಅದನ್ನು ಮಲಗಿಸಿ, ಉದ್ದನೆಯ ಪಟ್ಟಿ ಇಟ್ಟು, ಕಟ್ಟರಿನ ತುದಿಯ ಪುಟ್ಟ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಆ ಅಂಚಿನಿಂದ ಈ ಅಂಚಿಗೆ ಒಂದು ಗೀರು ಎಳೆಯಬೇಕು. ನಡುವೆ ಕೈ ಎತ್ತುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ಗೀರು ಸರಿಯಾಗಿ ಬಿದ್ದಿದ್ದರೆ ಮೇಜಿನ ಅಂಚಿಗೆ ತಂದು ಒತ್ತಿದಾಗ ಗಾಜು ತಾನಾಗಿ ಎರಡಾಗುತ್ತದೆ. ಸರಿಯಾಗಲಿಲ್ಲವೆಂದು ಅದರ ಮೇಲೆಯೇ ಇನ್ನೊಂದು ಎಳೆದರೆ ಕೆಲಸ ಕೆಟ್ಟ ಹಾಗೆ. ಬಿರುಕು ತನಗೆ ಬೇಕಾದ ಕಡೆ ಓಡುತ್ತದೆ. ಮಾವ ಎರಡನೇ ಗೀರು ಎಳೆದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಪೇಟೆಯಲ್ಲಿ ಅವರ ನಿಜವಾದ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 'ಒಂದ್ಗೀರು ಯಜಮಾನ್ರು' ಅಂದರೆ ಮಕ್ಕಳೂ ನಮ್ಮ ಅಂಗಡಿ ತೋರಿಸುತ್ತಾರೆ. ಅದೇ ಲೆಕ್ಕದಲ್ಲಿ ನಾನು ಒಂದ್ಗೀರು ಸೊಸೆ. ಈ ಹೆಸರು ನನಗೆ ಇಷ್ಟ, ಮುಚ್ಚುಮರೆ ಯಾಕೆ?

ಮುಂದೆ ಅಂಗಡಿ, ಹಿಂದೆ ಮನೆ. ಕತ್ತರಿಸುವುದು ಮಾವ. ಕತ್ತರಿಸಿದ್ದನ್ನು ಕಿಟಕಿಗೆ, ಬೀರುವಿಗೆ ಕೂರಿಸಿ ಬರುವುದು ನನ್ನ ಗಂಡ. ಗಿರಾಕಿಗಳ ಜೊತೆ ಮಾತು, ಅಳತೆ, ಚೌಕಟ್ಟು ಹಾಕುವುದು ನನ್ನ ಪಾಲು. ಅಡುಗೆಮನೆಯಿಂದ ಇಷ್ಟನ್ನೂ ಆಳುವುದು ನಮ್ಮತ್ತೆ. ಕಾಲೇಜಿಗೆ ಹೋಗುವ ನನ್ನ ಮಗಳ ಬಾಯಿ ನಿಂತದ್ದು ಯಾರೂ ಕಾಣರು, ಅದಕ್ಕೇ ಅವಳನ್ನು ರೇಡಿಯೋ ಅನ್ನುತ್ತೇವೆ.

ಎಲ್ಲಾ ಶುರುವಾದದ್ದು ಮಾವನ ಬೆನ್ನಿನಿಂದ. ಈ ವಯಸ್ಸಿನಲ್ಲಿ ಒಬ್ಬರೇ ದೊಡ್ಡ ಗಾಜು ಎತ್ತಬೇಡಿ ಅಂದರೆ ಕೇಳುವವರಾರು? ಎತ್ತಿದರು, ಹಿಡಿದುಕೊಂಡಿತು. ಸೊಂಟದಿಂದ ಕಾಲಿನವರೆಗೆ ನರ ಸೆಳೆದು, ರಾತ್ರಿಯಿಡೀ ನರಳಿದರು. ಬೆಳಿಗ್ಗೆ ಅತ್ತೆ, ನನ್ನ ಗಂಡ, ರೇಡಿಯೋ ಮೂವರೂ ಸೇರಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ರೇಡಿಯೋ ಬಂದು ನನಗೆ ನಟಿಸಿ ತೋರಿಸಿದಳು.

ಡಾಕ್ಟರಮ್ಮ ನರದ ನೋವಿಗೆ ರಾತ್ರಿ ಹೊತ್ತಿನ ಒಂದು ಮಾತ್ರೆ, ಬಿಗಿದ ಸ್ನಾಯು ಸಡಿಲವಾಗಲು ಇನ್ನೊಂದು ಬರೆದರಂತೆ.

"ಬೀಡಿ, ಸಿಗರೇಟು, ಕುಡಿತ ಏನಾದ್ರೂ ಇದೆಯಾ?"

"ಛೆ ಛೆ!" ಎಂದರಂತೆ ಮಾವ. ಅತ್ತೆಯಂತೂ ಡಾಕ್ಟರಮ್ಮನನ್ನು ದುರುಗುಟ್ಟಿಕೊಂಡು ನೋಡಿದರಂತೆ.

"ಬೇರೆ ಏನಾದ್ರೂ ತಗೋತಾ ಇದ್ದೀರಾ?"

"ಊಟಕ್ಕೆ ಮುಂಚೆ ಸ್ವಲ್ಪ ಟಾನಿಕ್."

"ಎಷ್ಟು ದಿನದಿಂದ?"

"ಮದುವೆ ಆದಾಗಿಂದ."

ಡಾಕ್ಟರಮ್ಮ ನಕ್ಕು, "ಹಾಗಾದ್ರೆ ಒಗ್ಗಿಹೋಗಿದೆ. ಟಾನಿಕ್ ಬಿಡೋದೇನೂ ಬೇಡ, ತಗೊಳ್ಳಿ" ಎಂದರಂತೆ. ಮೂವರೂ ಗೋಣು ಹಾಕಿ ಬಂದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಟಾನಿಕ್ ಅಂದರೆ ಬ್ರಾಂದಿ.

ಅತ್ತೆಯ ಅಪ್ಪ ಕುಡಿದು ಕುಡಿದು ಮನೆ ಹಾಳು ಮಾಡಿದವರು. ಕುಡುಕನ ಮಗಳಾಗಿದ್ದು ಸಾಕು, ಕುಡುಕನ ಹೆಂಡತಿಯಾಗುವುದಿಲ್ಲ ಎಂದು ಶಪಥ ಮಾಡಿಯೇ ಅತ್ತೆ ಮದುವೆಯಾದದ್ದು. ಆಮೇಲೆ ನೋಡಿದರೆ ಗಂಡನಿಗೆ ಸಂಜೆ ಒಂದಿಷ್ಟು ಬೇಕು. ಬಿಡಿಸಲು ನೋಡಿದರು, ಆಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಬಾಟಲಿ ಅವರ ಬೀರುವಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಕೆಮ್ಮಿನ ಔಷಧಿಯ ಜೊತೆ ಬಂದ ಅಳತೆಯ ಲೋಟದಲ್ಲಿ ಎರಡು ಅಳತೆ, ಮೇಲೆ ನೀರು. ಮಗ ಚಿಕ್ಕವನಿದ್ದಾಗ "ಅಪ್ಪ ಏನು ಕುಡೀತಾರೆ?" ಎಂದು ಕೇಳಿದ್ದಕ್ಕೆ "ಟಾನಿಕ್" ಎಂದರು. ಆ ಹೆಸರೇ ನಿಂತಿತು. ಅಳತೆ ಒಂದು ದಿನವೂ ಮೀರಲಿಲ್ಲ, ಮಾವ ಒಂದು ದಿನವೂ ತೂರಾಡಲಿಲ್ಲ. ಕುಡಿತ ಎಂದರೆ ಚರಂಡಿಯಲ್ಲಿ ಬೀಳುವುದು, ಹೆಂಡತಿಗೆ ಹೊಡೆಯುವುದು. ನಮ್ಮ ಮನೆಯಲ್ಲಿರುವುದು ಟಾನಿಕ್. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಬರುಬರುತ್ತಾ ನಾನೂ "ಮಾವನ ಟಾನಿಕ್ ಆಯ್ತಾ ಅತ್ತೆ, ತಟ್ಟೆ ಹಾಕ್ಲಾ?" ಎಂದು ಕೇಳುವವಳಾದೆ.

ಔಷಧಿ ಅಂಗಡಿಯವನು ಮಾತ್ರೆಯ ಪೊಟ್ಟಣದ ಮೇಲೆ ಅಂಟಿಸಿದ್ದ ಚೀಟಿಯನ್ನು ರೇಡಿಯೋ ಗಟ್ಟಿಯಾಗಿ ಓದಿಯೂ ಇದ್ದಳು.

"ತಾತ, ಮದ್ಯಪಾನ ಮಾಡಬಾರದು ಅಂತ ಬರ್ದಿದೆ."

"ಅದು ಕುಡುಕರಿಗೆ ಬರ್ದಿರೋದು ಕಣೆ."

"ಕುಡುಕರಿಗೇ ಬೆನ್ನು ನೋವು ಜಾಸ್ತಿ ಬರುತ್ತೇನೋ," ಎಂದರು ಅತ್ತೆ, ಸೊಪ್ಪು ಸೋಸುತ್ತಾ. ಮಾತು ಅಲ್ಲಿಗೇ ಮುಗಿಯಿತು.

ಮೊದಲ ವಾರ ಮಾವ ಚೆನ್ನಾಗಿ ನಿದ್ದೆ ಮಾಡಿದರು. ಆಮೇಲಾಮೇಲೆ ನಿದ್ದೆ ಹಗಲಿಗೂ ಹರಿಯತೊಡಗಿತು. ಊಟಕ್ಕೆ ಕೂತರೆ ತುತ್ತು ಬಾಯಿಯ ಹತ್ತಿರ ಬಂದು ನಿಲ್ಲುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಮಾತು ತೊದಲುತ್ತಿತ್ತು. ಬಚ್ಚಲಲ್ಲಿ ಬಿದ್ದು ಮೊಣಕೈ ತರಚಿಕೊಂಡು ಬಂದು, ಸೋಪಿನ ಮೇಲೆ ತಪ್ಪು ಹೊರಿಸಿದರು. ಗಿರಾಕಿ ಹೇಳಿದ ಅಳತೆಯನ್ನು ನಾನು ಕೂಗಿ ಹೇಳಿದರೆ, ಪಟ್ಟಿ ಇಡುವಷ್ಟರಲ್ಲಿ ಮರೆತಿರುತ್ತಿತ್ತು.

"ಅಪ್ಪಂಗೆ ಮರೆವಿನ ಕಾಯಿಲೆ ಶುರುವಾಯ್ತು ಅನ್ಸುತ್ತೆ," ಎಂದ ನನ್ನ ಗಂಡ, ಅಂಗಡಿಯ ಬಾಗಿಲು ಎಳೆಯುತ್ತಾ.

"ವಯಸ್ಸಾಯ್ತು ಅಂತ ಹೇಳು, ಕಾಯಿಲೆ ಅನ್ಬೇಡ," ಎಂದೆ.

"ವಯಸ್ಸು ಹೋದ ತಿಂಗಳು ಇರ್ಲಿಲ್ವಾ?"

ನಾನು ದೀಪ ಆರಿಸಿ ಒಳಗೆ ಹೋದೆ.

ಈ ನಡುವೆ ಬಂದದ್ದು ನೃತ್ಯ ಶಾಲೆಯ ಕೆಲಸ. ನಾಟ್ಯ ಕಲಿಸುವ ಟೀಚರಮ್ಮ ಹೊಸದಾಗಿ ದೊಡ್ಡ ಹಾಲ್ ಕಟ್ಟಿಸಿದ್ದರು. ಒಂದು ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಕನ್ನಡಿ ಬೇಕು, ಒಂದರ ಪಕ್ಕ ಒಂದು ಕೂರಿಸಿದರೆ ಸಂದು ಕಾಣಬಾರದು. ಊರಿನಲ್ಲಿ ಬೇರೆ ಗಾಜಿನ ಅಂಗಡಿಗಳಿದ್ದವು. ಯಂತ್ರದಲ್ಲಿ ಕತ್ತರಿಸಿ ಕೊಡುವವರೂ ಇದ್ದರು. ಆದರೂ ಟೀಚರಮ್ಮ ನಮ್ಮಲ್ಲಿಗೇ ಬಂದು, "ಒಂದ್ಗೀರು ಯಜಮಾನ್ರೇ ಕತ್ತರಿಸಬೇಕು. ಬೇರೆಯವರು ಮುಟ್ಟಿದ್ರೆ ನನಗೆ ಬೇಡ" ಎಂದರು. ಮಾವನ ಎದೆ ಒಂದು ಸುತ್ತು ದಪ್ಪವಾಯಿತು. ನಿಜ ಹೇಳಬೇಕೆಂದರೆ ಮನೆಮಂದಿಗೆಲ್ಲ ದಪ್ಪವಾಯಿತು.

ಮೊದಲ ಕನ್ನಡಿಯನ್ನೇ ಹಾಳು ಮಾಡಿದರು.

ಅದು ಶನಿವಾರ. ಗಾಜು ಮೇಜಿನ ಮೇಲಿತ್ತು, ಆ ತುದಿಯಲ್ಲಿ ನನ್ನ ಗಂಡ ಪಟ್ಟಿ ಒತ್ತಿ ಹಿಡಿದಿದ್ದ. ಮಾವ ಕಟ್ಟರು ಎಳೆಯುತ್ತಾ ಬಂದರು. ಸರ್ ಎನ್ನುವ ಸಣ್ಣ ಸದ್ದು ನಡುವೆ ನಿಂತಿತು. ಕೈ ಗಾಜಿನ ಮೇಲೆಯೇ ತೂಕಡಿಸಿತ್ತು. ತಟ್ಟನೆ ಎಚ್ಚೆತ್ತು, ಯಾರೂ ನೋಡಲಿಲ್ಲ ಎಂಬಂತೆ ಹಿಂದಕ್ಕೆ ಹೋಗಿ ಅದೇ ಗೀರಿನ ಮೇಲೆ ಇನ್ನೊಮ್ಮೆ ಎಳೆದರು.

"ಅಪ್ಪಾ!" ಎಂದ ನನ್ನ ಗಂಡ.

"ಸುಮ್ನಿರೋ, ಎತ್ತು."

ಎತ್ತಿ ಒತ್ತಿದಾಗ ಬಿರುಕು ಅಡ್ಡಕ್ಕೆ ಓಡಿ, ಒಂದು ಚೂಪು ತುಂಡು ಜಾರಿ ನನ್ನ ಗಂಡನ ಮುಂಗೈಯನ್ನು ಸೀಳಿತು. ನಾನು ಟವೆಲ್ ತಂದು ಸುತ್ತುವಷ್ಟರಲ್ಲಿ ಕಂಬಳಿ ಕೆಂಪಾಗಿತ್ತು. ಮಾವ ಕಟ್ಟರು ಹಿಡಿದುಕೊಂಡೇ ನಿಂತಿದ್ದರು. ಗಾಯ ನೋಡುತ್ತಿದ್ದರೋ ಗೀರು ನೋಡುತ್ತಿದ್ದರೋ ತಿಳಿಯಲಿಲ್ಲ.

ಹೊಲಿಗೆ ಹಾಕಿಸಿಕೊಂಡು ಬಂದ ನನ್ನ ಗಂಡ ಮೊದಲು ಮಾಡಿದ ಕೆಲಸ, ಕಟ್ಟರನ್ನು ಎತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು.

"ಏನೋ ಅದು?"

"ಇನ್ನು ನೀನು ಗಾಜು ಮುಟ್ಟಬೇಡ ಅಪ್ಪ. ಕೂತ್ಕೊಂಡು ನೋಡ್ತಾ ಇರು, ಸಾಕು."

"ಅಂಗಡಿ ಯಾರದೋ?"

"ಅಂಗಡಿ ನಿಂದೇ. ಕೈ ನಂದು." ಪಟ್ಟಿ ಸುತ್ತಿದ ಕೈಯನ್ನು ಮೇಲೆತ್ತಿ ತೋರಿಸಿದ.

"ಎಂಥ ಮಾತು ಆಡ್ತೀಯೋ! ಅಪ್ಪಂಗೆ ಹೀಗನ್ನೋದಾ?" ಎಂದು ಅತ್ತೆ ಸೌಟು ಹಿಡಿದೇ ಬಂದರು.

"ಅಮ್ಮ, ಇವತ್ತು ನನ್ನ ಕೈ. ನಾಳೆ ಇವಳದ್ದು, ಇಲ್ಲಾ ಮಗೂದು. ಆಗ ಏನನ್ನಬೇಕು ಹೇಳು."

ಅತ್ತೆ ಸೌಟು ಹಿಡಿದುಕೊಂಡೇ ಒಳಗೆ ಹೋದರು. ತಟ್ಟೆಗಳು ಹಾಕಿದ ಹಾಗೇ ತಣ್ಣಗಾದವು.

ಮಾರನೇ ದಿನ ಭಾನುವಾರ. ಅಂಗಡಿ ಇಲ್ಲದ ದಿನ ಮಧ್ಯಾಹ್ನವೇ ಟಾನಿಕ್ ಕೊಡುವುದು ಮನೆಯ ವಾಡಿಕೆ. ಮಾವ ಬೆಳಗಿನಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಅತ್ತೆ ಅಳೆದು ತಂದಿಟ್ಟಾಗ, "ಇನ್ನೊಂದಳತೆ ಹಾಕೇ ಇವತ್ತು" ಎಂದರು, ಹುಡುಗರ ದನಿಯಲ್ಲಿ. ಅಷ್ಟು ವರ್ಷದಲ್ಲಿ ಕೇಳದೇ ಇದ್ದದ್ದನ್ನು ಕೇಳಿದರು. ಅಷ್ಟು ವರ್ಷದಲ್ಲಿ ಕೊಡದೇ ಇದ್ದದ್ದನ್ನು ಅತ್ತೆ ಕೊಟ್ಟರು. ಗಂಡನ ಮುಖ ನೋಡಿ ಕರುಳು ಚುರುಕ್ ಎಂದಿರಬೇಕು. ಊಟವಾದ ಮೇಲೆ ಬೆನ್ನು ಸೆಳೆಯುತ್ತಿದೆ ಎಂದು ರಾತ್ರಿಯ ಮಾತ್ರೆಯನ್ನು ಆಗಲೇ ನುಂಗಿ ಮಲಗಿದರು.

ಟೀ ಹೊತ್ತಿಗೆ ಎಬ್ಬಿಸಲು ಹೋದ ರೇಡಿಯೋ, "ಅಮ್ಮಾ, ತಾತ ಏಳ್ತಿಲ್ಲ" ಎಂದು ಕಿರುಚಿದಳು. ಅಲುಗಾಡಿಸಿದೆವು, ಮುಖಕ್ಕೆ ನೀರು ಚಿಮುಕಿಸಿದೆವು. ಗೊರಕೆ ಒಂದು ಸಲ ಬಂದರೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುವ ಹಾಗಿತ್ತು. ತುಟಿಯ ಬಣ್ಣ ಇಳಿದಿತ್ತು. ನನ್ನ ಗಂಡ ಗಾಜು ಸಾಗಿಸುವ ವ್ಯಾನಿನಲ್ಲಿ ಕಂಬಳಿ ಹಾಸಿ ಅಪ್ಪನನ್ನು ಮಲಗಿಸಿದ. ಹೊಲಿಗೆ ಹಾಕಿದ ಕೈಯಲ್ಲೇ ಓಡಿಸಿದ.

ಆಸ್ಪತ್ರೆಯಲ್ಲಿ ಮಾವನ ಮೂಗಿಗೆ ನಳಿಗೆ ಇಟ್ಟು ಒಳಗೆ ಕರೆದೊಯ್ದರು. ಅದೇ ಡಾಕ್ಟರಮ್ಮ ಬಂದು, "ಮಾತ್ರೆ ಎಷ್ಟು ತಗೊಂಡಿದ್ರು?" ಎಂದು ಕೇಳಿದರು.

"ನೀವು ಬರೆದಷ್ಟೇ," ಎಂದ ನನ್ನ ಗಂಡ.

"ಬರೆದಷ್ಟಕ್ಕೇ ಹೀಗಾಗಲ್ಲ. ಮನೇಲಿ ಅವರು ಬಾಯಿಗೆ ಹಾಕ್ಕೊಳ್ಳೋದು ಏನೇನಿದೆಯೋ ಎಲ್ಲಾ ಈಗಲೇ ತನ್ನಿ. ಒಂದನ್ನೂ ಬಿಡಬೇಡಿ."

"ನಾನು ಹೋಗ್ತೀನಿ," ಎಂದರು ಅತ್ತೆ. ನಾನು ಹೋಗಿ ತರುತ್ತೇನೆ ಎಂದು ನಾನು ಹೇಳಿದರೂ ಬಿಡಲಿಲ್ಲ, ಬೀಗದ ಕೈಯನ್ನೂ ಕೊಡಲಿಲ್ಲ. ರೇಡಿಯೋಳನ್ನು ಕರೆದುಕೊಂಡು ಆಟೋ ಹತ್ತಿದರು.

ವಾಪಸ್ಸು ಬಂದಾಗ ಕೈಯಲ್ಲಿ ತರಕಾರಿ ಚೀಲ. ಡಾಕ್ಟರಮ್ಮನ ಮೇಜು ಇದ್ದದ್ದು ಉದ್ದನೆಯ ಹಜಾರದಲ್ಲಿ. ಸುತ್ತ ಬೆಂಚುಗಳ ಮೇಲೆ ಜನ, ಅದರಲ್ಲಿ ನಮ್ಮ ಬೀದಿಯವರೂ ಇಬ್ಬರು. ಅತ್ತೆ ಚೀಲದಿಂದ ಒಂದೊಂದಾಗಿ ತೆಗೆದಿಟ್ಟರು. ಬೆನ್ನಿನ ಮಾತ್ರೆ, ಹಚ್ಚುವ ಮುಲಾಮು, ಗ್ಯಾಸಿನ ಪುಡಿ. ಕೊನೆಗೆ ಟವೆಲ್ಲಿನಲ್ಲಿ ಸುತ್ತಿದ್ದನ್ನು ಬಿಚ್ಚಿ ಮೇಜಿನ ನಡುವೆ ಇಟ್ಟರು. ಬಾಟಲಿ. ಅದರ ಪಕ್ಕದಲ್ಲಿ ಅಳತೆಯ ಲೋಟ.

"ಇದು ಬ್ರಾಂದಿ ಡಾಕ್ಟ್ರೆ. ದಿನಾ ಎರಡು ಅಳತೆ. ಇವತ್ತು ಮೂರು. ಅಳೆದು ಕೊಟ್ಟೋಳು ನಾನೇ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ನನ್ನ ಗಂಡನ ಕಿವಿ ಕೆಂಪಾಯಿತು.

"ಅಮ್ಮ, ಸ್ವಲ್ಪ ಮೆಲ್ಲಗೆ ಹೇಳು."

"ಯಾಕೋ ಮೆಲ್ಲಗೆ? ಮೆಲ್ಲಗೆ ಹೇಳಿ ಹೇಳಿಯೇ ಇಲ್ಲಿಗೆ ಬಂದಿದ್ದು."

ಡಾಕ್ಟರಮ್ಮ ಬಾಟಲಿಯನ್ನೂ ಅತ್ತೆಯನ್ನೂ ನೋಡಿದರು. "ಕುಡಿತ ಇದೆಯಾ ಅಂತ ಕೇಳಿದ್ದೆನಲ್ಲ ಅಮ್ಮ?"

"ಕೇಳಿದ್ರಿ. ಇಲ್ಲ ಅಂದ್ವಿ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ನಮ್ಮನೇಲಿ ಇದಕ್ಕೆ ಟಾನಿಕ್ ಅಂತಾರೆ. ಹೆಸರಿಟ್ಟೋಳೂ ನಾನೇ. ಕುಡುಕನ ಹೆಂಡ್ತಿ ಅನ್ನಿಸ್ಕೋಬಾರ್ದು ಅಂತ ಇಟ್ಟೆ. ಈಗ ಅನ್ನಿಸ್ಕೋತೀನಿ, ಪರವಾಗಿಲ್ಲ. ಅವರನ್ನ ಉಳಿಸ್ಕೊಡಿ."

ಆ ಹಜಾರದಲ್ಲಿ ನನಗೆ ನಮ್ಮತ್ತೆಯ ಮೇಲೆ ಬಂದ ಹೆಮ್ಮೆಯನ್ನು ಹೇಗೆ ಹೇಳಲಿ? ಜೀವಮಾನವಿಡೀ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಗ್ಯಾಸಿನ ಪುಡಿಯ ಪಕ್ಕದಲ್ಲಿಟ್ಟು, ತಲೆ ತಗ್ಗಿಸದೆ ನಿಂತಿದ್ದರು. ಡಾಕ್ಟರಮ್ಮ ಎದ್ದು ನಿಂತು, "ಹೇಳಿ ಒಳ್ಳೇದು ಮಾಡಿದ್ರಿ. ಯಾವ ಟಾನಿಕ್ ಅಂತ ನಾನೂ ಅವತ್ತು ಕೇಳಬೇಕಿತ್ತು" ಎಂದು ಒಳಗೆ ಓಡಿದರು. ಏನು ನಡೆದಿದೆ ಎಂದು ಗೊತ್ತಾದ ಮೇಲೆ ಏನು ಮಾಡಬೇಕೆಂಬುದೂ ಅವರಿಗೆ ಗೊತ್ತಿತ್ತು. ರಾತ್ರಿಯಿಡೀ ಉಸಿರನ್ನು ಕಾಯ್ದರು. ಬೆಳಿಗ್ಗೆ ಮಾವ ಕಣ್ಣು ಬಿಟ್ಟು, ಟೀ ಕೇಳಿದರು.

ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಅವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನಾವೆಲ್ಲ ಸುತ್ತ ನಿಂತಿದ್ದೆವು.

"ಮಾತ್ರೆ ನುಂಗೋದು ಮಲಗೋ ಹೊತ್ತಿಗೆ, ಅದು ತಗೊಳ್ಳೋದು ಸಂಜೆ," ಎಂದು ಮಾವ ವಾದಕ್ಕಿಳಿದರು. "ಅದು ಬೇರೆ ಬಸ್ಸು, ಇದು ಬೇರೆ ಬಸ್ಸು ಡಾಕ್ಟ್ರೆ."

"ಎರಡೂ ಇಳಿಯೋದು ಒಂದೇ ಸ್ಟಾಪಲ್ಲಿ ಯಜಮಾನ್ರೆ. ಈ ಮಾತ್ರೆ ನರಾನ ಮಂಕು ಮಾಡುತ್ತೆ, ಅದಕ್ಕೇ ನೋವು ಕಮ್ಮಿ ಆಗೋದು. ಬ್ರಾಂದಿ ಮಾಡೋದೂ ಅದೇ ಕೆಲಸ. ಎರಡೂ ಸೇರಿದ್ರೆ ಮಂಕು ಹೆಚ್ಚಾಗ್ತಾ ಹೋಗಿ, ಉಸಿರಾಡಬೇಕು ಅನ್ನೋದನ್ನೇ ಮೈ ಮರೆತುಬಿಡುತ್ತೆ. ಸಂಜೆ ಕುಡಿದದ್ದು ಮಲಗೋ ಹೊತ್ತಿಗೆ ಎಲ್ಲೂ ಹೋಗಿರಲ್ಲ. ರಾತ್ರಿ ನುಂಗಿದ್ದು ಬೆಳಿಗ್ಗೆವರೆಗೂ ಇರುತ್ತೆ."

"ಎರಡೇ ಅಳತೆ ಡಾಕ್ಟ್ರೆ. ಮನೇಲಿ ಕಟ್ಟುನಿಟ್ಟು."

"ಈ ಮಾತ್ರೆ ಜೊತೆ ಅರ್ಧ ಅಳತೇನೂ ಬೇಡ."

"ಹಾಗಾದ್ರೆ ಇಷ್ಟು ದಿನದ ತೂಕಡಿಕೆ, ತೊದಲು, ಮರೆವು…?" ಎಂದ ನನ್ನ ಗಂಡ.

"ಬಹುಪಾಲು ಇದರದ್ದೇ. ನೋಡೋಣ, ಬಿಟ್ಟ ಮೇಲೆ ಗೊತ್ತಾಗುತ್ತೆ."

ಮಾವ ದಿಂಬಿನಿಂದ ತಲೆಯೆತ್ತಿದರು. "ಅಂದ್ರೆ ನನ್ನ ಕೈ ಹೋಗಿಲ್ಲ?"

ಜೀವದ ಬಗ್ಗೆ ಏನೂ ಕೇಳದೇ ಇದ್ದವರು ಕೈಯ ಬಗ್ಗೆ ಕೇಳಿದರು. ಡಾಕ್ಟರಮ್ಮನಿಗೂ ಅರ್ಥವಾಯಿತು ಅನ್ನಿಸುತ್ತದೆ. ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು, ಅಳತೆ ಕಡಿಮೆ ಮಾಡಿ ಕೊಡುತ್ತೇನೆ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದರು. ಕುಡಿಯುವುದನ್ನು ಬಿಟ್ಟಾಗ ಕೈ ನಡುಗಿದರೆ, ಬೆವರಿದರೆ ಮುಚ್ಚಿಡದೆ ಬಂದು ಹೇಳಬೇಕು. ತಲೆ ಭಾರ ಇರುವ ಹೊತ್ತಿನಲ್ಲಿ ಮಾತ್ರ ಗಾಜಿನ ಹತ್ತಿರ ಸುಳಿಯಬಾರದು. "ಭಾರ ಇದೆಯೋ ಇಲ್ವೋ ಅನ್ನೋದು ನಿಮಗೊಬ್ಬರಿಗೇ ಗೊತ್ತಾಗೋದು. ನೀವು ಸುಳ್ಳು ಹೇಳಿದ್ರೆ ಯಾರೂ ಹಿಡಿಯೋಕಾಗಲ್ಲ" ಎಂದು ಸೇರಿಸಿದರು.

ಮನೆಗೆ ಬಂದ ಮೇಲಿನ ಸಂಜೆಗಳನ್ನು ನೆನೆದರೆ ನಗುವೂ ಬರುತ್ತದೆ, ಸುಸ್ತೂ ಆಗುತ್ತದೆ. ದೀಪ ಹಾಕುವ ಹೊತ್ತಾಯಿತೆಂದರೆ ಮಾವ ಅಡುಗೆಮನೆಯ ಬಾಗಿಲಲ್ಲಿ ಹಾಜರು. ಏನೂ ಕೇಳುತ್ತಿರಲಿಲ್ಲ. ಎಲ್ಲದಕ್ಕೂ ತಪ್ಪು ಹುಡುಕುತ್ತಿದ್ದರು. ಫ್ಯಾನು ಸದ್ದು ಮಾಡುತ್ತದೆ, ಬೇಳೆ ಬೆಂದಿಲ್ಲ, ರೇಡಿಯೋಳ ಬಾಯಿ ಜಾಸ್ತಿಯಾಯಿತು. ಒಂದು ದಿನ ಬೆರಳು ನಡುಗಿದಾಗ ತಾವಾಗಿಯೇ ಮಗನಿಗೆ ತೋರಿಸಿದರು, ಆಸ್ಪತ್ರೆಗೆ ಹೋಗಿ ಬಂದರು. ಕೊನೆಗೆ ಅತ್ತೆ ಅವರ ಮುಂದೆ ಆಲೂಗಡ್ಡೆಯ ಬುಟ್ಟಿ ಇಟ್ಟರು.

"ಕೈ ಸುಮ್ನಿದ್ರೆ ಬಾಯಿ ಸುಮ್ನಿರಲ್ಲ. ಸಿಪ್ಪೆ ತೆಗೀರಿ."

ಸಿಪ್ಪೆಯೂ ಒಂದೇ ಎಳೆಯಾಗಿ ಬರಬೇಕು ಎಂಬುದು ಅವರ ಹಟ. ಕಡಿದುಹೋದರೆ ಆ ಆಲೂಗಡ್ಡೆ ಬಿಟ್ಟು ಹೊಸದು ಹಿಡಿಯುತ್ತಿದ್ದರು. ಹೀಗಾಗಿ ಆ ವಾರವೆಲ್ಲ ನಮಗೆ ಆಲೂಗಡ್ಡೆಯೇ ಪಲ್ಯ, ಆಲೂಗಡ್ಡೆಯೇ ಸಾರು.

"ತಾತ, ನೀನು ಕುಡೀತಿದ್ದಾಗ ಊಟ ಚೆನ್ನಾಗಿತ್ತು," ಎಂದಳು ರೇಡಿಯೋ. ನಾನು ಅವಳ ತೊಡೆ ಚಿವುಟಿದೆ. ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಮನೆಯಲ್ಲಿ 'ಕುಡೀತಿದ್ದಾಗ' ಎಂಬ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು.

ಬೀದಿಯಲ್ಲಿ ಸುದ್ದಿ ಹಬ್ಬದೇ ಇರುತ್ತದೆಯೇ? ಹಜಾರದ ಬೆಂಚಿನ ಮೇಲೆ ಕೂತಿದ್ದ ಪಕ್ಕದ ಮನೆಯಾಕೆ ತರಕಾರಿ ಗಾಡಿಯ ಹತ್ತಿರ ಅತ್ತೆಯನ್ನು ಹಿಡಿದುಕೊಂಡು, "ನಿಮ್ಮ ಯಜಮಾನ್ರು ಕುಡೀತಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ ಬಿಡಿ" ಎಂದಳು, ಬಲು ಮೆತ್ತಗೆ.

"ಕುಡೀತಿದ್ರು. ನಾನೇ ಅಳೆದು ಕೊಡ್ತಿದ್ದೆ. ಈಗ ಬಿಟ್ಟಿದ್ದಾರೆ," ಎಂದರು ಅತ್ತೆ. "ನಿಮ್ಮ ಮನೇಲಿ ಬೀಪಿ ಮಾತ್ರೆ ನುಂಗೋರು ಇದಾರಲ್ಲ, ಅವರೂ ಏನಾದ್ರೂ ತಗೋತಾರೋ ಹೇಗೆ? ಡಾಕ್ಟ್ರಿಗೆ ಹೇಳ್ಬಿಡಿ. ನಾಚಿಕೆ ಪಟ್ರೆ ಉಸಿರೇ ನಿಂತ್ಹೋಗುತ್ತೆ." ಆಕೆ ಬದನೆಕಾಯಿ ಆರಿಸದೆಯೇ ಮನೆ ಸೇರಿದಳು.

ದಿನ ಕಳೆದಂತೆ ತೊದಲು ಹೋಯಿತು. ಅಳತೆ ಒಂದು ಸಲ ಕೇಳಿದರೆ ನೆನಪಿರುತ್ತಿತ್ತು. ಬೆನ್ನೂ ಸುಧಾರಿಸಿತು. ಕಟ್ಟರು ಮಾತ್ರ ಇನ್ನೂ ನನ್ನ ಗಂಡನ ಪೆಟ್ಟಿಗೆಯಲ್ಲೇ ಇತ್ತು. ಟೀಚರಮ್ಮ ಎರಡು ಸಲ ಬಂದು ಹೋಗಿದ್ದರು. ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು.

"ಯಂತ್ರದವರಿಗೆ ಕೊಟ್ಬಿಡ್ಲಾ?" ಎಂದು ನನ್ನ ಗಂಡ ಊಟದ ನಡುವೆ ಕೇಳಿದ.

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಿನ್ನ ಗಾಯ ತೋರಿಸು."

ಕೈ ಚಾಚಿದ. ಮಾವ ಆ ಕಲೆಯ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡಿದರು.

"ಇದು ನಾನು ಎಳೆದ ಗೀರು. ಇಂಥದ್ದು ಇನ್ನೊಂದು ಎಳೆಯಲ್ಲ. ಕೊಡೋದು ಬಿಡೋದು ನಿನಗೆ ಬಿಟ್ಟದ್ದು."

ನನ್ನ ಗಂಡ ಎಂಜಲು ಕೈಯಲ್ಲೇ ಎದ್ದುಹೋಗಿ ಪೆಟ್ಟಿಗೆ ತೆಗೆದು, ಕಟ್ಟರನ್ನು ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟ. ಕೈ ತೊಳೆದು ಮುಟ್ಟಬಾರದಾ ಎಂದು ಅತ್ತೆ ಗದರಿದರು.

ವಾರವಿಡೀ ಮಾವ ಒಡೆದ ಚೂರುಗಳ ಮೇಲೆ ಕೈ ಪಳಗಿಸಿದರು. ಆಮೇಲೆ ಕನ್ನಡಿಗಳನ್ನು ಒಂದೊಂದಾಗಿ ಕತ್ತರಿಸಿ ಗೋಡೆಗೆ ಒರಗಿಸಿದರು. ಉಳಿದದ್ದು ಶಾಲೆಯ ಬಾಗಿಲ ಪಕ್ಕಕ್ಕೆ ಬರಬೇಕಾದ ಕೊನೆಯ ಕನ್ನಡಿ, ಎಲ್ಲಕ್ಕಿಂತ ದೊಡ್ಡದು. ಅದನ್ನು ಕಣ್ಣಾರೆ ನೋಡಬೇಕೆಂದು ಟೀಚರಮ್ಮ ಬೆಳಿಗ್ಗೆಯೇ ಬಂದರು. ಸಾಗಿಸುವ ಆಳುಗಳೂ ಬಂದು ನಿಂತರು. ನನ್ನ ಗಂಡ ಪಟ್ಟಿ ಒತ್ತಿ ಹಿಡಿದ. ಮಾವ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿದರು, ಗಾಜಿನ ಅಂಚಿಗೆ ತಂದರು. ಅಲ್ಲೇ ನಿಂತರು. ಆಮೇಲೆ ಕಟ್ಟರನ್ನು ಕೆಳಗಿಟ್ಟರು.

"ಈಗ ಆಗಲ್ಲ."



"ರಾತ್ರಿ ಮಾತ್ರೆ ತಡವಾಗಿ ತಗೊಂಡೆ," ಎಂದರು ಮಾವ, ಅಂಗಡಿಗೆಲ್ಲ ಕೇಳುವ ಹಾಗೆ. "ತಲೆ ಭಾರ ಇನ್ನೂ ಇಳಿದಿಲ್ಲ. ಇಳಿಯೋವರೆಗೂ ಮುಟ್ಟಲ್ಲ."

ಟೀಚರಮ್ಮ ಗಾಬರಿಯಿಂದ ನನ್ನತ್ತ ನೋಡಿದರು. "ಹಾಗಂದ್ರೆ? ಕೈ ಸರಿ ಇಲ್ವಾ? ಬೇರೆ ಯಾರಾದ್ರೂ…"

"ಯಜಮಾನ್ರು ಕಾಯ್ಬೇಕು ಅಂದ್ರೆ ಕಾಯ್ಬೇಕು ಟೀಚರ್," ಎಂದ ನನ್ನ ಗಂಡ. ಅಪ್ಪನನ್ನು ಅವನು ಯಜಮಾನ್ರು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಕತ್ತರಿಸೋದು ಅವರೇ. ಕೂತ್ಕೊಳ್ಳಿ."

ಅತ್ತೆ ಎಲ್ಲರಿಗೂ ಟೀ ತಂದರು. ಮಾವ ಮೇಜಿನ ಪಕ್ಕ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಮುಖದಲ್ಲಿ ಸಂಕೋಚ ಎಳ್ಳಷ್ಟೂ ಇರಲಿಲ್ಲ. ಆಳುಗಳು ಗಡಿಯಾರ ನೋಡಿದರು, ಟೀಚರಮ್ಮ ಫೋನು ನೋಡಿದರು, ಎರಡನೇ ಸಲ ಟೀ ಆಯಿತು. ಬಿಸಿಲು ಅಂಗಡಿಯ ಒಳಗೆ ಬಂತು. ನಮ್ಮ ನಾಲ್ವರಲ್ಲಿ ಒಬ್ಬರೂ ಅವರನ್ನು ಆಯ್ತಾ ಎಂದು ಕೇಳಲಿಲ್ಲ.

ಕೊನೆಗೆ ಎದ್ದರು. ಮುಖ ತೊಳೆದು ಬಂದರು. ಕಟ್ಟರನ್ನು ಮತ್ತೆ ಅದ್ದಿ, ಆ ಅಂಚಿಗೆ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಂದರು. ಸರ್ ಎಂಬ ಸದ್ದು ಎಲ್ಲೂ ಕಡಿಯದೆ ಈ ಅಂಚಿನವರೆಗೆ ಬಂತು. ಅಪ್ಪ ಮಗ ಇಬ್ಬರೂ ಗಾಜನ್ನು ಮೇಜಿನ ಅಂಚಿಗೆ ಸರಿಸಿ ಒತ್ತಿದರು. ಟಕ್ ಎಂದು ಎರಡಾಯಿತು.

ಟೀಚರಮ್ಮ ಕತ್ತರಿಸಿದ ಅಂಚಿನ ಹತ್ತಿರ ಬಗ್ಗಿ ನೋಡಿದರು. "ಇಷ್ಟೇನಾ? ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗೀತು! ಇದಕ್ಕಾ ಇಷ್ಟು ಹೊತ್ತು ಕಾಯಿಸಿದ್ದು?"

"ಕಾಯಿಸಿದ್ದಕ್ಕೇ ತಾಯಿ," ಎಂದರು ಮಾವ, "ಇಷ್ಟು ಬೇಗ ಮುಗಿದಿದ್ದು."